ಕಪ್ಪು ಗೆರೆಗಳ ಕೀರ್ತಿ

ಆಸ್ಪತ್ರೆಗಳ ಗುಣಮಟ್ಟದ ಬಗ್ಗೆ ಮಾತಾಡುವವರ ಬಳಿ ಒಂದು ಸ್ಲೈಡ್ ಇದ್ದೇ ಇರುತ್ತದೆ. ಸಿಸ್ಟರ್ ರೋಗಿಯ ಕೈಪಟ್ಟಿಯನ್ನು ಸ್ಕ್ಯಾನ್ ಮಾಡುತ್ತಾರೆ, ಔಷಧವನ್ನು ಸ್ಕ್ಯಾನ್ ಮಾಡುತ್ತಾರೆ, ಪರದೆ ಹಸಿರಾಗುತ್ತದೆ. ಕೆಳಗೆ ದಪ್ಪಕ್ಷರದಲ್ಲಿ: ತಪ್ಪುಗಳಲ್ಲಿ ಶೇ. 41 ಇಳಿಕೆ. ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದು ಸರಿಗಳನ್ನೂ ಬಾರ್‌ಕೋಡ್ ಕಾಯುತ್ತದೆ ಎಂಬುದು ಅದರ ಕೀರ್ತಿ. ಈ ಕೀರ್ತಿಯಲ್ಲಿ ಅರ್ಧದಷ್ಟು ಬೇರೆಯವರಿಗೆ ಸಲ್ಲಬೇಕಾದದ್ದು ಎಂಬುದು ನನ್ನ ತಕರಾರು.

ಆ 41 ಬಂದದ್ದು ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಿಂದ. ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ಔಷಧ ಕೊಡುವ 14,041 ಸಂದರ್ಭಗಳನ್ನು ಪಕ್ಕದಲ್ಲೇ ನಿಂತು ನೋಡಿದ ಗಟ್ಟಿ ಕೆಲಸ ಅದು, ಅದರ ಬಗ್ಗೆ ಆಕ್ಷೇಪವಿಲ್ಲ. ಸಮಯದ ಏರುಪೇರು ಬಿಟ್ಟರೆ ಉಳಿದ ತಪ್ಪುಗಳು ಶೇ. 11.5ರಿಂದ 6.8ಕ್ಕೆ ಇಳಿದವು. ಸ್ಲೈಡಿನಲ್ಲಿ 41 ಕಾಣುತ್ತದೆ, 6.8 ಕಾಣುವುದಿಲ್ಲ. ಅದೇ ಅಧ್ಯಯನದ ಇನ್ನೊಂದು ಸಾಲು ನನಗೆ ಹೆಚ್ಚು ಮುಖ್ಯ: ವೈದ್ಯರ ಆದೇಶವನ್ನು ಕೈಯಿಂದ ನಕಲು ಮಾಡುವಾಗ ಶೇ. 6.1ರಷ್ಟು ತಪ್ಪುಗಳಾಗುತ್ತಿದ್ದವು, ಹೊಸ ವ್ಯವಸ್ಥೆಯಲ್ಲಿ ಅವು ಸೊನ್ನೆಯಾದವು. ಇದು ಸ್ಕ್ಯಾನರಿನ ಸಾಧನೆಯಲ್ಲ. ಕೇಸ್‌ಶೀಟಿನಿಂದ ಚಾರ್ಟಿಗೆ, ಚಾರ್ಟಿನಿಂದ ಇಂಡೆಂಟಿಗೆ ಇಳಿಸಿ ಬರೆಯುವ ಕೆಲಸವೇ ಹೋದದ್ದರ ಫಲ. ಕಪ್ಪು ಗೆರೆಗಳಿಲ್ಲದೆ, ಸಾಧಾರಣ ಕಂಪ್ಯೂಟರಿನಲ್ಲೂ ಇದನ್ನು ಪಡೆಯಬಹುದು. ಆದರೆ ಮಾರುವವರಿಗೆ ಬೇಕಾದದ್ದು ಹಸಿರು ಪರದೆ.

ಈಗ ನಮ್ಮ ವಾರ್ಡಿನ ಟ್ರೇ ನೋಡಿ. ಅಮೆರಿಕದ ವ್ಯವಸ್ಥೆ ನಿಂತಿರುವುದು ಒಂದೊಂದು ಮಾತ್ರೆಗೂ ಒಂದೊಂದು ಪೊಟ್ಟಣ, ಒಂದೊಂದಕ್ಕೂ ಒಂದು ಕೋಡ್ ಎಂಬ ಏರ್ಪಾಡಿನ ಮೇಲೆ. ನಮ್ಮಲ್ಲಿ ಬರುವುದು ಹತ್ತರ ಸ್ಟ್ರಿಪ್. ಸಿಸ್ಟರ್ ಕತ್ತರಿಯಿಂದ ಎರಡು ಕತ್ತರಿಸುತ್ತಾರೆ. ಬ್ಯಾಚ್ ಮತ್ತು ಎಕ್ಸ್‌ಪೈರಿ ಅಚ್ಚಾಗಿರುವ ತುದಿ ಒಬ್ಬ ರೋಗಿಗೆ, ಖಾಲಿ ಬೆನ್ನಿನ ತುಂಡು ಇನ್ನೊಬ್ಬರಿಗೆ. 2023ರ ಆಗಸ್ಟ್ 1ರಿಂದ ಮುನ್ನೂರು ಬ್ರಾಂಡುಗಳಿಗೆ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಕಡ್ಡಾಯವಾದಾಗ ಕೆಲವರು ಹಬ್ಬ ಮಾಡಿದರು. ನಿಯಮದ ಒಳಸಾಲನ್ನು ಅವರು ಓದಿದಂತಿಲ್ಲ: ಲೇಬಲ್ಲಿನಲ್ಲಿ ಜಾಗ ಸಾಲದಿದ್ದರೆ ಹೊರಗಿನ ಡಬ್ಬಿಯ ಮೇಲೆ ಹಾಕಿದರೂ ಸಾಕು. ಡಬ್ಬಿ ಸ್ಟೋರಿನಲ್ಲೇ ಕಸದ ಬುಟ್ಟಿ ಸೇರುತ್ತದೆ, ರೋಗಿಯ ಮಂಚದವರೆಗೆ ಬರುವುದಿಲ್ಲ. ಆಮೇಲೆ ಚೀಟಿ. ‘ಇದು ಸ್ಟಾಕ್ ಇಲ್ಲ, ಹೊರಗಿಂದ ತನ್ನಿ’ ಎಂದು ಬರೆದುಕೊಟ್ಟ ಚೀಟಿ ಹಿಡಿದು ರೋಗಿಯ ಅಣ್ಣನೋ ಅಳಿಯನೋ ಎದುರಿನ ಮೆಡಿಕಲ್ ಶಾಪಿಗೆ ಓಡುತ್ತಾನೆ. ಅವನು ತಂದ ಇಂಜೆಕ್ಷನ್ ಆಸ್ಪತ್ರೆಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಸ್ಕ್ಯಾನರ್ ಅದನ್ನು ಯಾವುದಕ್ಕೆ ತಾಳೆ ಹಾಕಬೇಕು?

ಕೈಪಟ್ಟಿಯನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ತುಂಗಭದ್ರೆಯ ಈ ಸೀಮೆಯಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಹುಲಿಗೆಮ್ಮ, ಇಬ್ಬರು ಹಂಪಮ್ಮ ಇರುವುದು ಆಶ್ಚರ್ಯವೇನಲ್ಲ. ಅಲ್ಲಿ ಅದು ಜೀವ ಉಳಿಸೀತು.

ಯಂತ್ರ ಸೋತಾಗ ಅದರ ಭಕ್ತರು ಕೊಡುವ ಉತ್ತರ ಒಂದೇ: ‘ನರ್ಸುಗಳು ಪ್ರೋಟೋಕಾಲ್ ಪಾಲಿಸಲಿಲ್ಲ.’ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಮೆರಿಕದ ಐದು ಆಸ್ಪತ್ರೆಗಳನ್ನು ನೋಡಿದ ರಾಸ್ ಕಾಪೆಲ್ ಮತ್ತು ಸಂಗಡಿಗರು 2008ರಲ್ಲೇ 15 ಬಗೆಯ ಅಡ್ಡದಾರಿಗಳನ್ನು ಪಟ್ಟಿ ಮಾಡಿದ್ದರು. ರೋಗಿಯ ಕೈಪಟ್ಟಿಯ ನಕಲನ್ನು ಬೇರೆಡೆ ಅಂಟಿಸಿಟ್ಟುಕೊಂಡು ಅದನ್ನೇ ಸ್ಕ್ಯಾನ್ ಮಾಡುವುದು ಅವುಗಳಲ್ಲೊಂದು. ಅವರು ಹುಡುಕಿದ್ದು ಸೋಮಾರಿಗಳನ್ನಲ್ಲ, ಕಾರಣಗಳನ್ನು. ಸಿಕ್ಕವು 31: ಓದಲಾಗದ ಕೋಡ್, ನೆನೆದ ಕೈಪಟ್ಟಿ, ಮುಗಿದ ಬ್ಯಾಟರಿ, ಸಿಗದ ಸಿಗ್ನಲ್. ಆದರೂ ತಲೆದಂಡ ನರ್ಸಿನದೇ: ಅಮೆರಿಕದ ವ್ಯಾಂಡರ್‌ಬಿಲ್ಟ್ ಆಸ್ಪತ್ರೆಯಲ್ಲಿ 2017ರ ಡಿಸೆಂಬರಿನಲ್ಲಿ ಔಷಧದ ಕಪಾಟಿನ ಪರದೆಯ ಮೇಲೆ ಮೊದಲೆರಡು ಅಕ್ಷರ ಒತ್ತಿ, ಎಚ್ಚರಿಕೆ ದಾಟಿ, ಮಂಪರಿನ ಔಷಧದ ಬದಲು ಸ್ನಾಯುಗಳನ್ನೇ ನಿಲ್ಲಿಸುವ ಔಷಧ ತೆಗೆದ ನರ್ಸ್ ಕೋರ್ಟಿನಲ್ಲಿ ಅಪರಾಧಿಯಾದಳು. ಎಚ್ಚರಿಕೆಗಳನ್ನು ದಾಟುವುದು ಅಲ್ಲಿ ದಿನದ ರೂಢಿಯಾಗಿತ್ತೆಂಬ ಅವಳ ವಾದ ಅವಳನ್ನು ಉಳಿಸಲಿಲ್ಲ. ಎದುರು ಪಾಳೆಯದವರೂ ಇದ್ದಾರೆ, ಹಳೆಯ ಕೇಸ್‌ಶೀಟೇ ಚೆನ್ನಾಗಿತ್ತು ಎನ್ನುವವರು. ಅವರಿಗೆ ಉತ್ತರವಾಗಿ ಬಾಸ್ಟನ್ನಿನ 6.1 ಸಾಕು.

ಇಷ್ಟೆಲ್ಲ ಹೇಳಬೇಕಾಗಿ ಬಂದದ್ದು ಬಳ್ಳಾರಿಯಿಂದ. ಎಮ್ಮಿಗನೂರಿನಂಥ ಹಳ್ಳಿಯ ಬಸುರಿಗೆ ಕಂಪ್ಲಿಯಲ್ಲಿ ಹೆರಿಗೆ ಆಗದಿದ್ದರೆ ತಾಯಿ ಕಾರ್ಡ್ ಹಿಡಿದು ಬಳ್ಳಾರಿಯ ದಾರಿಯೇ ಗತಿ. 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಕೆಲವು ಬಾಣಂತಿಯರ ಕಿಡ್ನಿ ಕೈಕೊಟ್ಟಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅನುಮಾನ ಬಿದ್ದದ್ದು ಅವರಿಗೆ ಹಚ್ಚಿದ ಸಲೈನಿನ ಮೇಲೆ: ಪಶ್ಚಿಮ ಬಂಗಾಳದ ಕಂಪನಿಯೊಂದರಿಂದ ಬಂದ ರಿಂಗರ್ಸ್ ಲ್ಯಾಕ್ಟೇಟ್ (ಆರ್‌ಎಲ್). ಗುಣಮಟ್ಟದ ಶಂಕೆಯಿಂದ ಆ ಕಂಪನಿಯ ದಾಸ್ತಾನನ್ನು ರಾಜ್ಯ ಅದೇ ವರ್ಷ ತಡೆಹಿಡಿದಿತ್ತು, ಕೇಂದ್ರ ಪ್ರಯೋಗಾಲಯದ ವರದಿ ಬಂದ ಮೇಲೆ ಒಂದಷ್ಟನ್ನು ಬಿಟ್ಟಿತ್ತು. ಆ ಮಂಚಗಳ ಪಕ್ಕ ಜಗತ್ತಿನ ಅತ್ಯುತ್ತಮ ಸ್ಕ್ಯಾನರ್ ಇಟ್ಟಿದ್ದರೆ ಏನಾಗುತ್ತಿತ್ತು? ಸರಿಯಾದ ತಾಯಿ, ಸರಿಯಾದ ದ್ರಾವಣ, ಸರಿಯಾದ ಪ್ರಮಾಣ. ಐದೂ ಸರಿ, ಪರದೆ ಹಸಿರು. ಬಾಟಲಿಯ ಒಳಗೇನಿದೆ ಎಂಬುದು ಕೋಡಿಗೆ ಗೊತ್ತಿಲ್ಲ.

ಗೊತ್ತಿರಲು ಸಾಧ್ಯವಿದ್ದದ್ದು ಬ್ಯಾಚ್ ನಂಬರು. ನಮ್ಮ ವಾರ್ಡುಗಳ ವಾಡಿಕೆ ‘ಆರ್‌ಎಲ್ 1 ಪಿಂಟ್’ ಎಂದು ಬರೆದು ಮುಗಿಸುವುದು. ಯಾವ ಬ್ಯಾಚ್ ಯಾರಿಗೆ ಹೋಯಿತು ಎಂಬುದನ್ನು ಆಮೇಲೆ ಸ್ಟೋರಿನ ವಿತರಣೆಯ ಲೆಕ್ಕದಿಂದ ಊಹಿಸಬೇಕು. ದಾಸ್ತಾನಿನ ತಂತ್ರಾಂಶ ಗೋದಾಮಿನಿಂದ ಆಸ್ಪತ್ರೆಯವರೆಗೆ ಬ್ಯಾಚನ್ನು ಬಲ್ಲದು. ರೋಗಿಯ ತಂತ್ರಾಂಶ ರೋಗಿಯನ್ನು ಬಲ್ಲದು. ಎರಡರ ನಡುವಿನ ಕೊನೆಯ ಹತ್ತಿಪ್ಪತ್ತು ಮಾರು ದೂರವನ್ನು ಬಾಟಲಿ ಅನಾಮಧೇಯವಾಗಿ ದಾಟುತ್ತದೆ. ಸ್ಕ್ಯಾನರಿಗೆ ನಮ್ಮಲ್ಲಿ ನಿಜವಾದ ಕೆಲಸವಿದ್ದರೆ ಅದು ಈ ದೂರದಲ್ಲಿ. ಒಂದು ಬ್ಯಾಚಿನ ಮೇಲೆ ಸಂಶಯ ಬಂದ ಗಳಿಗೆಯಲ್ಲೇ ಅದು ಯಾವ ಯಾವ ಮಂಚಗಳ ಮೇಲೆ ತೂಗುತ್ತಿದೆ ಎಂದು ಹೇಳಿ, ಉಳಿದ ಬಾಟಲಿಗಳಿಗೆ ಅಲ್ಲೇ ಬೀಗ ಹಾಕುವುದು. ಸ್ಕ್ಯಾನರ್ ಕೊಳ್ಳುವ ಟೆಂಡರಿನಲ್ಲಿ ಇದನ್ನು ಕೇಳುವ ಒಂದು ಸಾಲು ಬರೆಯಲು ಬಾಸ್ಟನ್ನಿನ ಅಂಕಿ ಬೇಕಿಲ್ಲ. ಬಳ್ಳಾರಿಯ ಐದು ಕೇಸ್‌ಶೀಟುಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಆಗುತ್ತದೆ.