ಸೌಭದರ್ಶನ: ಕಾವಲಿನ ಕಥೆಯಲ್ಲಿ ಶತ್ರುನಿರ್ಣಯ

ಅನ್ಯಗ್ರಹದ ಯುದ್ಧನೌಕೆಯೊಂದು ಭೂಮಿಯನ್ನು ಸಮೀಪಿಸುತ್ತಿರುವುದನ್ನು ಸೈನ್ಯದ ರೇಡಾರ್ ಕೇಂದ್ರದ ಕಾವಲು ತಂಡವೊಂದು ಮೊದಲು ಕಂಡುಹಿಡಿಯುವ ಪ್ರಸಂಗ ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಬಹಳ ಬಳಕೆಯಾದ ವಸ್ತು. ಪರದೆಯ ಅಂಚಿನಲ್ಲಿ ಚುಕ್ಕೆಯೊಂದು ಮೂಡುತ್ತದೆ. ಅದರ ವೇಗ ಯಾವ ವಿಮಾನಕ್ಕೂ ಹೊಂದದು. ಅಧಿಕಾರಿಗೆ ಸುದ್ದಿ ಹೋಗುತ್ತದೆ. ಮುಂದಿನ ಪುಟದಲ್ಲಿಯೇ ಫಿರಂಗಿಗಳು ಗರ್ಜಿಸುತ್ತವೆ. ಇಂಥ ಕಥೆಗಳಲ್ಲಿ ಬಹುಪಾಲು ನೀರಸವಾಗುವುದೇಕೆಂಬುದು ವಿಚಾರಯೋಗ್ಯವಾದ ಪ್ರಶ್ನೆ. ವಸ್ತುವಿನ ಅಸಂಭವತೆ ಅದಕ್ಕೆ ಕಾರಣವೆನ್ನಲಾಗದು. ಅಸಂಭವವೇ ದೋಷವಾದರೆ ಮಹಾಕಾವ್ಯಗಳಲ್ಲಿ ಉಳಿಯುವುದು ಅತ್ಯಲ್ಪ. ಚುಕ್ಕೆಯನ್ನು ಕಂಡ ಕ್ಷಣಕ್ಕೂ ಅದನ್ನು ಶತ್ರುವೆಂದು ಹೆಸರಿಸಿದ ಕ್ಷಣಕ್ಕೂ ನಡುವಣ ಅಂತರವನ್ನು ಕಥೆಗಾರ ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತಾನೆ. ಈ ವಸ್ತುವಿನ ರಸವೆಲ್ಲ ಅಡಗಿರುವುದು ಆ ಅಂತರದಲ್ಲಿಯೇ.

ಭರತಮುನಿ ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಶಂಕೆ, ತ್ರಾಸ, ವಿತರ್ಕ, ಮತಿ ಎಂಬವು ಸೇರಿವೆ. ಸಂದೇಹದಿಂದ ಹುಟ್ಟುವುದು ವಿತರ್ಕ. ನಿಶ್ಚಯದಲ್ಲಿ ನೆಲೆಗೊಳ್ಳುವುದು ಮತಿ. ಆಲಂಕಾರಿಕರು ಇದೇ ಮನೋವ್ಯಾಪಾರವನ್ನು ಉಕ್ತಿಯ ನೆಲೆಯಲ್ಲಿ ಗುರುತಿಸಿ, ಇದೋ ಅದೋ ಎಂಬ ತೂಗಾಟಕ್ಕೆ ಸಸಂದೇಹವೆಂದೂ, ಒಂದನ್ನು ಮತ್ತೊಂದೆಂದು ತಿಳಿಯುವುದಕ್ಕೆ ಭ್ರಾಂತಿಮಾನ್ ಎಂದೂ ಹೆಸರಿಟ್ಟರು. ಕಾವಲಿನ ಕಥೆಯಲ್ಲಿ ವಿಸ್ಮಯದಿಂದ ಅದ್ಭುತವೂ ಭಯದಿಂದ ಭಯಾನಕವೂ ನಿಷ್ಪನ್ನವಾಗಬೇಕಾದರೆ ಅವೆರಡನ್ನೂ ಪೋಷಿಸತಕ್ಕದ್ದು ವಿತರ್ಕ. ಅದನ್ನು ಕಳೆದರೆ ಉಳಿಯುವುದು ಬರಿಯ ಗದ್ದಲ.

ವಾಸ್ತವ ಪ್ರಪಂಚದ ರೇಡಾರಿನ ಇತಿಹಾಸವೂ ಈ ಮಾತನ್ನು ಸಮರ್ಥಿಸುತ್ತದೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುವ ರೇಡಿಯೋ ಅಲೆ 150 ಕಿಲೋಮೀಟರು ದೂರದ ವಸ್ತುವಿಗೆ ತಾಗಿ ಸೆಕೆಂಡಿನ ಸಾವಿರದ ಒಂದಂಶದಲ್ಲಿ ಹಿಂದಿರುಗುತ್ತದೆ. ವಸ್ತು ಇಂಥ ದಿಕ್ಕಿನಲ್ಲಿದೆ, ಇಷ್ಟು ದೂರದಲ್ಲಿದೆ ಎಂದು ಆ ಪ್ರತಿಧ್ವನಿ ಹೇಳಬಲ್ಲುದು. ಬಂದವರು ಯಾರು, ಬಂದುದೇಕೆ ಎಂಬುದನ್ನು ಅದು ಹೇಳಲಾರದು. 1941ರ ಡಿಸೆಂಬರ್ 7ರ ಬೆಳಗ್ಗೆ 7 ಗಂಟೆ 2 ನಿಮಿಷಕ್ಕೆ ಹವಾಯಿಯ ಓಪಾನಾ ಕೇಂದ್ರದ ಇಬ್ಬರು ಸೈನಿಕರು ಬಹುದೊಡ್ಡದೊಂದು ಗುರುತನ್ನು ಕಂಡರು. ಅವರ ಪಾಳಿ ಆಗಲೇ ಮುಗಿದಿತ್ತು. ಉಪಾಹಾರಕ್ಕೆ ಕರೆದೊಯ್ಯುವ ಲಾರಿ ತಡವಾದುದರಿಂದ ಯಂತ್ರ ಇನ್ನೂ ನಡೆಯುತ್ತಿತ್ತು. ಸುದ್ದಿ ಕೇಳಿದ ಅಧಿಕಾರಿ, ಕ್ಯಾಲಿಫೋರ್ನಿಯದಿಂದ ಬರಬೇಕಾಗಿದ್ದ ಸ್ವಪಕ್ಷದ ವಿಮಾನಗಳೇ ಅವೆಂದು ಭಾವಿಸಿ ಚಿಂತೆ ಬೇಡವೆಂದನು. ಒಂದು ಗಂಟೆಯೊಳಗಾಗಿ ಪರ್ಲ್ ಹಾರ್ಬರ್ ಹೊತ್ತಿ ಉರಿಯುತ್ತಿತ್ತು. 1960ರ ಅಕ್ಟೋಬರ್ 5ರಂದು ಗ್ರೀನ್‌ಲ್ಯಾಂಡಿನ ಥೂಲೆಯ ರೇಡಾರ್ ಇದಕ್ಕೆ ಪ್ರತಿಯಾಗಿ ಉದಯಿಸುತ್ತಿದ್ದ ಚಂದ್ರನ ಪ್ರತಿಧ್ವನಿಯನ್ನು ಕ್ಷಿಪಣಿಗಳ ದಾಳಿಯೆಂದು ಸಾರಿತು. ಸೋವಿಯತ್ ನಾಯಕ ಕ್ರುಶ್ಚೇವ್ ಆ ದಿನ ನ್ಯೂಯಾರ್ಕಿನಲ್ಲಿಯೇ ಇದ್ದನೆಂಬ ವಿವೇಚನೆಯೂ ಅಮೆರಿಕದ ಅಧಿಕಾರಿಗಳ ಸಂಶಯಕ್ಕೆ ಇಂಬಾಯಿತು. ಚಂದ್ರನನ್ನು ಮತ್ತೊಂದೆಂದು ಭ್ರಮಿಸುವುದು ಕವಿಗಳ ಹಕ್ಕೆಂದು ಎಣಿಸಿದ್ದ ಲೋಕಕ್ಕೆ ಯಂತ್ರವೂ ಅದರಲ್ಲಿ ಪಾಲು ಕೇಳಿತು. ಒಂದೆಡೆ ಶತ್ರು ಮಿತ್ರನಾದನು. ಮತ್ತೊಂದೆಡೆ ಚಂದ್ರನೇ ಶತ್ರುವಾದನು.

ಆಕಾಶದಿಂದೆರಗುವ ಪರಕೀಯ ಯುದ್ಧನೌಕೆಯ ವಸ್ತುವನ್ನು ಈ ಆಳದಲ್ಲಿ ನಿರ್ವಹಿಸಿದ ಕೃತಿ ಯಾವುದೆಂದು ಕೇಳಿದರೆ ಭಾರತೀಯ ವಿಮರ್ಶಕ ದೂರ ಹೋಗಬೇಕಾಗಿಲ್ಲ. ವನಪರ್ವದ ಸೌಭವಧೋಪಾಖ್ಯಾನ ಅವನ ಕಣ್ಣೆದುರಿಗಿದೆ. ಶಿಶುಪಾಲನ ವಧೆಯಿಂದ ಕೆರಳಿದ ಸಾಲ್ವನು, ಕೃಷ್ಣನಿಲ್ಲದ ವೇಳೆಯನ್ನು ನೋಡಿ, ಬಯಸಿದೆಡೆಗೆ ಹಾರಬಲ್ಲ ಸೌಭವೆಂಬ ನಗರವನ್ನೇರಿ ದ್ವಾರಕೆಯ ಮೇಲೆ ಬೀಳುತ್ತಾನೆ. ದ್ವಾರಕೆಯ ಕಾವಲಿನ ವರ್ಣನೆ ಆಶ್ಚರ್ಯಕರವಾದಷ್ಟು ವ್ಯಾವಹಾರಿಕವಾಗಿದೆ. ಸೇತುವೆಗಳನ್ನು ಒಡೆದರು, ದೋಣಿಗಳ ಸಂಚಾರವನ್ನು ತಡೆದರು, ಕಂದಕಗಳಲ್ಲಿ ಶೂಲಗಳನ್ನು ನೆಟ್ಟರು, ನಟರನ್ನೂ ಗಾಯಕರನ್ನೂ ಹೊರಗೆ ಕಳುಹಿಸಿದರು, ಎಚ್ಚರ ತಪ್ಪದಿರಲೆಂದು ಮದ್ಯಪಾನವನ್ನು ನಿಷೇಧಿಸಿದರು, ಮುದ್ರೆಯಿಲ್ಲದವನು ಒಳಬರುವಂತಿಲ್ಲ, ಹೊರಹೋಗುವಂತಿಲ್ಲ ಎಂದು ಕಟ್ಟಳೆ ಮಾಡಿದರು. ಬಳಿಕ ಕೃಷ್ಣನೇ ಸಾಲ್ವನನ್ನು ಅರಸಿ ಹೋದಾಗ ಸೌಭವು ಒಂದು ಕ್ರೋಶದಷ್ಟು ದೂರ ಗಗನದಲ್ಲಿ ನಿಂತು ಸೈನಿಕರ ಬಾಣಗಳಿಗೆ ಎಟುಕದೆ ಹೋಗುತ್ತದೆ. ದಾನವರು ಕಣ್ಣಿಗೆ ಮರೆಯಾದಾಗ ಕೃಷ್ಣನು ಶಬ್ದವನ್ನನುಸರಿಸಿ ಗುರಿಹಿಡಿಯುವ ಅಸ್ತ್ರವನ್ನು ಹೂಡುತ್ತಾನೆ. ಕಾಣದ ವೈರಿಯನ್ನು ಶಬ್ದದಿಂದ ಹುಡುಕುವ ಕಲ್ಪನೆ ಎಷ್ಟು ಹಳೆಯದೆಂಬುದಕ್ಕೆ ಇದು ನಿದರ್ಶನ. ಪ್ರಾಚೀನರಲ್ಲಿ ರೇಡಾರ್ ಇತ್ತೆಂಬುದಕ್ಕಲ್ಲ.

ಆದರೆ ಉಪಾಖ್ಯಾನದ ಜೀವಸ್ಥಾನ ಯುದ್ಧದಲ್ಲಿಲ್ಲ. ಯುದ್ಧದ ಮಧ್ಯದಲ್ಲಿ ದ್ವಾರಕೆಯ ದೂತನೆಂದು ಹೇಳಿಕೊಂಡು ಒಬ್ಬನು ಬಂದು ವಸುದೇವನು ಹತನಾದನೆಂದು ತಿಳಿಸುತ್ತಾನೆ. ಬಲರಾಮ, ಸಾತ್ಯಕಿ, ಪ್ರದ್ಯುಮ್ನರು ಬದುಕಿರುವಾಗ ಹಾಗಾಗುವುದು ಅಶಕ್ಯ. ಆದುದರಿಂದ ಅವರೆಲ್ಲರೂ ಅಳಿದಿರಬೇಕೆಂದು ಕೃಷ್ಣನು ತರ್ಕಿಸುತ್ತಾನೆ. ತರ್ಕ ನಿರ್ದುಷ್ಟವಾಗಿದೆ, ಬಂದ ಸಂಕೇತವೇ ಸುಳ್ಳು. ಅನಂತರ ಸೌಭದಿಂದ ತಂದೆಯೇ ಕೆಳಗುರುಳುತ್ತಿರುವಂತೆ ಕಂಡು ಅವನ ಕೈಯಿಂದ ಬಿಲ್ಲು ಜಾರುತ್ತದೆ. ಚೇತರಿಸಿಕೊಂಡು ನೋಡಿದರೆ ಸೌಭವೂ ಇಲ್ಲ, ಸಾಲ್ವನೂ ಇಲ್ಲ, ತಂದೆಯೂ ಇಲ್ಲ. ಆಗ ಇದು ಮಾಯೆಯೆಂಬ ಅರಿವು ಮೂಡುತ್ತದೆ. ಇದನ್ನೆಲ್ಲ ಯುಧಿಷ್ಠಿರನಿಗೆ ಹೇಳುತ್ತಿರುವವನು ಸ್ವಯಂ ಕೃಷ್ಣನೆಂಬುದು ಕವಿಯ ಪರಮ ಕೌಶಲ. ಮೋಸಹೋದವನ ಬಾಯಿಂದಲೇ ಮೋಸದ ಕಥೆ ಹೊರಡುವುದರಿಂದ ವಿತರ್ಕಕ್ಕೆ ಸಾಕ್ಷಿ ದೊರೆಯುತ್ತದೆ.

ಭಾಗವತದ ದಶಮಸ್ಕಂಧವೂ ಈ ಕಥೆಯನ್ನು ಹೇಳುತ್ತದೆ. ಮಯನಿರ್ಮಿತವಾದ ಆ ಉಕ್ಕಿನ ನಗರ ಒಮ್ಮೆ ಒಂದಾಗಿ ಒಮ್ಮೆ ಹಲವಾಗಿ, ನೆಲದಲ್ಲಿ, ಬಾನಿನಲ್ಲಿ, ಗಿರಿಶಿಖರದಲ್ಲಿ, ನೀರಿನಲ್ಲಿ, ತಿರುಗಿಸಿದ ಕೊಳ್ಳಿಯಂತೆ ಸುತ್ತುತ್ತಿತ್ತೆಂಬ ಅದರ ಚಿತ್ರಣ ಅಸದೃಶವಾದುದು. ರೇಡಾರ್ ಪರದೆಯನ್ನು ಕಂಡವರಿಗೆ ಆ ಅಲಾತಚಕ್ರದ ಉಪಮೆ ವಿಶೇಷವಾಗಿ ಹಿಡಿಸೀತು. ಆದರೆ ಭಗವಂತನು ಭ್ರಾಂತನಾದನೆಂಬುದು ಅಲ್ಲಿಯ ಕವಿಗೆ ಸಹ್ಯವಲ್ಲ. ಕೆಲವು ಋಷಿಗಳು ಪೂರ್ವಾಪರ ನೋಡದೆ ಹೀಗೆ ಹೇಳುವರೆಂದು ಆಕ್ಷೇಪಿಸಿ ಅವನು ಆ ಘಟನೆಯನ್ನು ಪರಿಹರಿಸಿಬಿಡುತ್ತಾನೆ. ಭಕ್ತಿಯ ದೃಷ್ಟಿಯಿಂದ ಇದು ಯುಕ್ತವಿರಬಹುದು. ಕಾವ್ಯದ ದೃಷ್ಟಿಯಿಂದ ಅಲ್ಲಿ ಆದುದು ನಷ್ಟ. ಎಂದೂ ತಪ್ಪದ ಕಾವಲುಗಾರನ ಕಥೆಯಲ್ಲಿ ಓದುಗನು ಕಾತರಿಸಲು ಏನೂ ಉಳಿಯುವುದಿಲ್ಲ. ಇಂದಿನ ರೇಡಾರ್ ಕಥೆಗಳು ಯಂತ್ರವನ್ನು ಸರ್ವಜ್ಞವಾಗಿಸಿ ಇದೇ ನಷ್ಟಕ್ಕೆ ಗುರಿಯಾಗಿವೆ.

ಪಾಶ್ಚಾತ್ಯ ಲೇಖಕರಲ್ಲಿ ಶ್ರೇಷ್ಠರು ಈ ಮರ್ಮವನ್ನು ಅರಿಯದವರಲ್ಲ. 1898ರಲ್ಲಿ ಪುಸ್ತಕರೂಪದಲ್ಲಿ ಬಂದ ಎಚ್. ಜಿ. ವೆಲ್ಸನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳದವರ ನೌಕೆ ಮೊದಲು ಉಲ್ಕೆಯೆಂದೇ ತೋರುತ್ತದೆ. ಅದು ತಣ್ಣಗಾಗುವವರೆಗಿನ ಅಧ್ಯಾಯಗಳು ಮುಂದಿನ ಸಂಹಾರದ ಅಧ್ಯಾಯಗಳಿಗಿಂತ ಮೇಲಾದುವು. ಆರ್ಥರ್ ಕ್ಲಾರ್ಕನ 'ರೆಂಡೆವೂ ವಿತ್ ರಾಮಾ' (1973) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ರೇಡಾರ್ ಕಂಡದ್ದು ಒಂದು ಕ್ಷುದ್ರಗ್ರಹವೆಂದು ದಾಖಲಾಗಿ, ಗ್ರೀಕ್ ರೋಮನ್ ಪುರಾಣಗಳ ಹೆಸರುಗಳೆಲ್ಲ ಮುಗಿದುದರಿಂದ ರಾಮನ ಹೆಸರನ್ನು ಪಡೆಯುತ್ತದೆ. ಅದು 50 ಕಿಲೋಮೀಟರು ಉದ್ದದ ನಿರ್ಮಿತ ವಸ್ತುವೆಂದು ತಿಳಿದ ಮೇಲೆ ಬುಧಗ್ರಹದಲ್ಲಿ ನೆಲೆಸಿದ ಮಾನವರು ಭಯದಿಂದ ಅದರ ಮೇಲೆ ಬಾಂಬನ್ನು ಕಳುಹಿಸುತ್ತಾರೆ. ಅನ್ವೇಷಕರಲ್ಲೊಬ್ಬನು ಅದನ್ನು ನಿಷ್ಕ್ರಿಯಗೊಳಿಸುತ್ತಾನೆ. ನೌಕೆ ಮಾನವರನ್ನು ಲಕ್ಷಿಸದೆಯೇ ಹೊರಟುಹೋಗುತ್ತದೆ. ಪಾತ್ರಪೋಷಣೆಯಲ್ಲಿ ಕೃತಿ ತೆಳುವೆಂಬ ಆಕ್ಷೇಪ ಸಲ್ಲುತ್ತದೆಯಾದರೂ, ಯುದ್ಧನೌಕೆಯೆಂಬ ಹೆಸರು ನೋಡುವವನ ಭಯದಿಂದ ಹುಟ್ಟಬಹುದೆಂಬ ಅದರ ದರ್ಶನ ಬೆಲೆಯುಳ್ಳದ್ದು.

ಆ ದರ್ಶನದ ಬೆಲೆಯನ್ನು ಲೋಕ ರಕ್ತದಿಂದ ತೆತ್ತಿದೆ. ದ್ವಾರಕೆಯ ಮುದ್ರೆಯ ಕಟ್ಟಳೆ ಇಂದು ವಿದ್ಯುತ್ ರೂಪ ತಾಳಿದೆ. ನೀನು ಯಾರೆಂದು ರೇಡಾರಿನೊಡನಿರುವ ಸಾಧನ ಸಂಕೇತದಲ್ಲಿ ಕೇಳುತ್ತದೆ, ಸರಿಯಾದ ಮರುಸಂಕೇತ ಕೊಟ್ಟವನು ಮಿತ್ರ, ಕೊಡದವನು ಶಂಕಿತ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ತಿಳಿದು ಉರುಳಿಸಿತು. 290 ಮಂದಿ ಮಡಿದರು. ವಿಮಾನ ಮೇಲೇರುತ್ತಿದೆಯೆಂದು ಯಂತ್ರ ನಿಜವನ್ನೇ ಬರೆದಿತ್ತು. ಇಳಿದೆರಗುತ್ತಿದೆಯೆಂದು ಭಯ ಓದಿಕೊಂಡಿತು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮಿನಲ್ಲಿ ಭಾರತೀಯ ವಾಯುಸೇನೆಯ ಕ್ಷಿಪಣಿಯೇ ತನ್ನದೇ ಹೆಲಿಕಾಪ್ಟರನ್ನು ಕೆಡವಿ, ಅದರಲ್ಲಿದ್ದ 6 ಮಂದಿಯೂ ನೆಲದಲ್ಲಿದ್ದ ಒಬ್ಬ ನಾಗರಿಕನೂ ಸತ್ತುದು ಇದೇ ಬಗೆಯ ದುರಂತ. ಅನ್ಯಗ್ರಹದಿಂದ ಬಂದವನಿಗಂತೂ ಭೂಮಿಯ ಮುದ್ರೆ ತಿಳಿದಿರುವ ಸಂಭವವೇ ಇಲ್ಲ. ಈ ಕಥಾವಸ್ತುವನ್ನು ಕೈಗೆತ್ತಿಕೊಂಡವನು ಉತ್ತರಿಸಬೇಕಾದ ಪ್ರಶ್ನೆ ಇದು: ಉತ್ತರ ತಿಳಿಯದವನ ಮೌನವನ್ನು ವೈರವೆಂದು ಓದಬಹುದೆ?

ಮುದ್ರೆಯುಳ್ಳವನೆಲ್ಲ ಮಿತ್ರನೆಂಬ ನಂಬಿಕೆಯೂ ಅಷ್ಟೇ ಅಪಾಯಕರವೆಂಬುದಕ್ಕೆ ಹೈದರಾಬಾದಿನ ಗೋಲಕೊಂಡೆ ಸಾಕ್ಷಿಯಾಗಿ ನಿಂತಿದೆ. ಫತೇ ದರ್ವಾಜಾದ ಕಮಾನಿನಡಿ ತಟ್ಟಿದ ಚಪ್ಪಾಳೆ ಬೆಟ್ಟದ ತುದಿಯ ಬಾಲಾ ಹಿಸಾರಿಗೆ ಕೇಳಿಸುವ ಆ ಏರ್ಪಾಡನ್ನು ಕೋಟೆ ನೋಡಬಂದವರೆಲ್ಲ ಪರೀಕ್ಷಿಸಿ ಮೆಚ್ಚುತ್ತಾರೆ. ಔರಂಗಜೇಬನ ಸೈನ್ಯಕ್ಕೆ 1687ರಲ್ಲಿ ಸುಮಾರು 8 ತಿಂಗಳು ಮಣಿಯದಿದ್ದ ಕೋಟೆ ಸೆಪ್ಟೆಂಬರಿನಲ್ಲಿ ಬಿದ್ದುದು ಒಳಗಿನವನೇ ಆದ ಅಬ್ದುಲ್ಲಾ ಖಾನ್ ಪಣಿ ಬಾಗಿಲು ತೆರೆದುದರಿಂದ. ವ್ಯಾಸರ ಕಥಾಸಂವಿಧಾನದಲ್ಲಿಯೂ ಈ ವ್ಯಂಗ್ಯವಿದೆ. ಸೌಭದ ಕಥೆಯನ್ನು ಕೃಷ್ಣನು ಹೇಳುವುದು ದ್ಯೂತದ ವೇಳೆಗೆ ತಾನೇಕೆ ಬರಲಾಗಲಿಲ್ಲವೆಂಬುದಕ್ಕೆ ಸಮಾಧಾನವಾಗಿ. ಆಗಸದ ಶತ್ರುವಿನ ಮೇಲೆ ದೃಷ್ಟಿ ನೆಟ್ಟಿದ್ದಾಗ ಕುಲನಾಶದ ಬೀಜ ಬಂಧುಗಳ ಸಭಾಮಂಟಪದಲ್ಲಿ ಬಿತ್ತಲ್ಪಟ್ಟಿತು.

ಹೊರನಾಡ ಕನ್ನಡಿಗನಿಗೆ ಈ ವಿಚಾರ ಕೇವಲ ಕಾವ್ಯಮೀಮಾಂಸೆಯಾಗಿ ಉಳಿಯದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದಾಗ, ಈ ನಗರದ ಕನ್ನಡಿಗರು ಮನೆಯ ಹೊಸಲು ದಾಟದೆಯೇ ಹೊರನಾಡಿಗರಾದರು. ಗೆರೆ ಸರಿದೊಡನೆ ತನ್ನವನು ಅನ್ಯನಾಗುವನೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಕೇಳಿದ ಭಾಷೆಯಲ್ಲಿ ಒಡನೆ ಉತ್ತರ ಕೊಡಲಾರದವನನ್ನು ಊರು ಯಾವ ದೃಷ್ಟಿಯಿಂದ ನೋಡುವುದೆಂಬುದನ್ನೂ ವಲಸೆ ಬಂದವರು ಬಲ್ಲರು. ಈ ಅನುಭವವುಳ್ಳ ಕನ್ನಡ ಲೇಖಕನು ರೇಡಾರ್ ಕೋಣೆಯ ಕಥೆಯನ್ನು ಬರೆದರೆ ಪರದೆಯ ಚುಕ್ಕೆಯ ಕಡೆಯಿಂದಲೂ ಅದನ್ನು ನೋಡಬಲ್ಲನು.

ವಸ್ತುವಿಗೂ ಕೊರತೆಯಿಲ್ಲ. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರ ದಶಕಗಳಿಂದ ವಾಯುಮಂಡಲದ ಎತ್ತರದ ಸ್ತರಗಳಿಗೆ ಉಪಕರಣಗಳನ್ನು ಕಳುಹಿಸುತ್ತಿದೆ. ಅವು ಇಳಿಯುವ ಹೊಲಗಳು ತೆಲಂಗಾಣದಲ್ಲಿರಬಹುದು, ನೆರೆಯ ರಾಜ್ಯಗಳಲ್ಲಿಯೂ ಇರಬಹುದು. 2022ರ ಡಿಸೆಂಬರಿನಲ್ಲಿ ವಿಕಾರಾಬಾದ್ ಜಿಲ್ಲೆಯ ಹೊಲವೊಂದರಲ್ಲಿ ಅಂಥ ಬಲೂನು ಹೊತ್ತು ತಂದ ವಿಚಿತ್ರಾಕಾರದ ಕೋಶವೊಂದು ಇಳಿದಾಗ ಸುತ್ತಲಿನ ಹಳ್ಳಿಗರು ಅದನ್ನು ನೋಡಲು ನೆರೆದರು. ಇಂಥ ಉಪಕರಣಗಳ ಮೇಲೆ, ಕಂಡವರು ಯಾರಿಗೆ ತಿಳಿಸಬೇಕೆಂಬ ವಿಳಾಸದ ಚೀಟಿ ಅಂಟಿಸಿರುತ್ತದೆ. ಆಗಸದಿಂದ ಬಂದ ಅಪರಿಚಿತನು ತಾನಾಗಿ ತೋರಿಸುವ ಮುದ್ರೆ ಅದು. ಚೀಟಿಯನ್ನು ಓದುವಷ್ಟು ಹತ್ತಿರ ಹೋಗುವುದೋ, ದೂರದಿಂದಲೇ ಕಲ್ಲೆಸೆಯುವುದೋ ಎಂಬ ಆಯ್ಕೆ ಮಾತ್ರ ನೆಲದಲ್ಲಿ ನಿಂತವನದು. ಕಾವಲಿನ ಕಥೆಯ ಗುಣವನ್ನು ಅಳೆಯುವಾಗ ವಿಮರ್ಶಕನು ಮೊದಲು ನೋಡಬೇಕಾದುದು ಆ ಆಯ್ಕೆಯನ್ನು.