ಬಿರುದು ಬಿಡಿ, ಡೇರಿ ಲೆಕ್ಕ ಬರೆಯಿರಿ

ಈ ವಾರ ಪ್ರೊಫೈಲ್ ಫೋಟೊ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬೆಳಕು ಮುಖದ ಮೇಲೆ ಬೀಳಲಿ, ಹಿಂದೆ ಸಾದಾ ಗೋಡೆ ಇರಲಿ, ಮದುವೆಮನೆಯ ಗುಂಪುಚಿತ್ರದಿಂದ ಮುಖ ಕತ್ತರಿಸಿ ಹಾಕಬೇಡಿ. ಅಷ್ಟು ಸಾಕು. ಸೋಮವಾರ ಬಂದ ಒಂದು ಲಿಂಕ್ಡ್‌ಇನ್ ಪ್ರೊಫೈಲು ನನ್ನನ್ನು ಬೇರೇನೂ ಬರೆಯಗೊಡುತ್ತಿಲ್ಲ.

ಕಳಿಸಿದಾಕೆ ಸಾತನೂರು ಹೋಬಳಿಯ ಹುಡುಗಿ. ಕನಕಪುರದಲ್ಲಿ ಬಿ.ಕಾಂ. ಮುಗಿಸಿದ್ದಾಳೆ. ಹೆಸರಿನ ಕೆಳಗೆ ‘ಹಾರ್ಡ್‌ವರ್ಕಿಂಗ್, ಪ್ಯಾಷನೇಟ್, ಡೈನಾಮಿಕ್ ಫ್ರೆಷರ್’ ಎಂದಿದೆ. ಅಬೌಟ್ ವಿಭಾಗದಲ್ಲಿ ಅದೇ ಪದಗಳು ಜಾಗ ಬದಲಿಸಿ ಕೂತಿವೆ. ಅನುಭವದ ಜಾಗ ಖಾಲಿ. ಫೋನ್ ಮಾಡಿ ಕೇಳಿದೆ. ಪಿಯುಸಿ ದಿನಗಳಿಂದ ಬೆಳಗ್ಗೆ ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಗೆ ನೆರವಾಗುತ್ತಿದ್ದಾಳಂತೆ. ಯಾರ ಮನೆಯ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಬರೆಯುವುದು, ಬಟವಾಡೆ ಲೆಕ್ಕ ತಾಳೆ ನೋಡುವುದು, ಆಡಿಟ್‌ಗೆ ವೋಚರು ಜೋಡಿಸಿಕೊಡುವುದು, ಎಲ್ಲ ಅವಳದೇ. ‘ಇದನ್ನೇಕೆ ಹಾಕಿಲ್ಲ?’ ಅಂದೆ. ‘ಅದೂ ಒಂದು ಕೆಲ್ಸಾನಾ ಸಾರ್?’ ಅಂದಳು.

ಕೆಲಸವೇ ಕಣಮ್ಮ. ವಾಣಿಜ್ಯ ಓದಿದವಳಿಗೆ ಇದಕ್ಕಿಂತ ಹತ್ತಿರದ ಕೆಲಸ ಯಾವುದು? ಒಂದು ಹಳ್ಳಿಯ ಹಣವೆಲ್ಲ ಅವಳ ಲೆಕ್ಕದ ಮೇಲೆ ನಿಂತಿತ್ತು. ಅದನ್ನು ಮುಚ್ಚಿಟ್ಟು ‘ಡೈನಾಮಿಕ್’ ಎಂದು ಬರೆಯಲು ಕಲಿಸಿದವರ ಮೇಲೆ ನನ್ನ ಹಳೆಯ ಜಗಳ ಈ ಅಂಕಣದ ಓದುಗರಿಗೆ ಗೊತ್ತು. ಕೋರ್ಸಿನ ಕೊನೆಯಲ್ಲಿ ತರಬೇತಿಗೆ ಬಂದು ಇಡೀ ತರಗತಿಗೆ ಒಂದೇ ಒಕ್ಕಣೆ ಹಂಚಿಹೋಗುವ ಪಂಥ ಅದು. ಅವರು ಹೋದ ಮೇಲೆ ನೂರು ಮಕ್ಕಳ ಪ್ರೊಫೈಲಿನಲ್ಲಿ ಹೆಸರೊಂದು ಬಿಟ್ಟು ಮಿಕ್ಕೆಲ್ಲ ಒಂದೇ.

ಈ ಪಂಥಕ್ಕೆ ಉತ್ತರ ಹೇಳುವಾಗೆಲ್ಲ ನನಗೆ ನೆನಪಾಗುವುದು ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಹತ್ತನೆಯ ಶತಮಾನದ ನಡುವಿನದು. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ. ಕೃಷ್ಣನ ಕಡೆ ನಿಂತ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಅದಕ್ಕೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳು ಅವನಿಗೆ ಸಂದವು. ಅದೇ ಯುದ್ಧದಲ್ಲಿ ಬೂತುಗನ ಸೇವಕ ಮಣಲೆರ ಕಾದಾಡಿದ ಬಗೆ ಕಂಡು, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ದಿಬ್ಬದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬಿರುದುಗಳು ಆ ಕಲ್ಲಿನ ಮೇಲೂ ಇವೆ. ದೊರೆಗೂ ಇವೆ, ಸೇವಕನಿಗೂ ಇವೆ. ಸಾವಿರ ವರ್ಷದ ನಂತರ ಅವನ್ನು ವಿದ್ವಾಂಸರು ಬಿಟ್ಟರೆ ಯಾರು ಹೇಳುತ್ತಾರೆ? ಆದರೆ ನಾಯಿಯ ಕಥೆಯನ್ನು ಕನ್ನಡ ಓದಿದ ಯಾರೇ ಆದರೂ ಹೇಳುತ್ತಾರೆ. ಯಾರು, ಯಾರ ಕೈಕೆಳಗೆ, ಯಾವ ಊರಿನ ಯಾವ ದಿಕ್ಕಿನಲ್ಲಿ, ಏನು ಮಾಡಿದರು, ಅದಕ್ಕೆ ಏನು ಸಂದಿತು ಎಂಬುದಕ್ಕೆಲ್ಲ ಅಲ್ಲಿ ಉತ್ತರವಿದೆ. ಬರೆಸಿದವರು ನೆಲದ ಅಳತೆಯನ್ನೂ ಬಿಡಲಿಲ್ಲ. ನಾಯಿಗೇ ಇಷ್ಟು ನಿಖರವಾಗಿ ಬರೆದ ನಾಡಿನಲ್ಲಿ ಬಿ.ಕಾಂ. ಓದಿದ ಮಗಳ ಬಗ್ಗೆ ಮೂರು ಬಿರುದು ಸಾಕೇ?

ಹಾಗಾಗಿ ಆಕೆಗೆ ಹೇಳಿದೆ. ಹೆಡ್‌ಲೈನಿಗೆ ಲಿಂಕ್ಡ್‌ಇನ್ 220 ಅಕ್ಷರ ಕೊಡುತ್ತದೆ, ಅದನ್ನು ತುಂಬಿಸಲೇಬೇಕೆಂದಿಲ್ಲ. ಹುಡುಕಾಟದ ಪಟ್ಟಿಯಲ್ಲಿ ಮೊದಲ ಕೆಲವು ಪದ ಮಾತ್ರ ಕಣ್ಣಿಗೆ ಬೀಳುತ್ತವೆ. ‘ಬಿ.ಕಾಂ. ಪದವೀಧರೆ, ಹಾಲು ಸಹಕಾರ ಸಂಘದ ಲೆಕ್ಕ, ಟ್ಯಾಲಿ, ಎಕ್ಸೆಲ್’ ಎಂದರೆ ಲೆಕ್ಕದವರನ್ನು ಹುಡುಕುವ ಕಂಪನಿಗೆ ಬೇಕಾದ ಪದಗಳು ಮುಂದೆಯೇ ಸಿಕ್ಕಿದವು. ಟ್ಯಾಲಿ ನಿಜವಾಗಿ ಬರುತ್ತಿದ್ದರೆ ಮಾತ್ರ. ಅನುಭವದ ಜಾಗದಲ್ಲಿ ಡೇರಿ ಬರಲಿ: ಎಷ್ಟು ಸದಸ್ಯರು, ದಿನಕ್ಕೆ ಎಷ್ಟು ಲೀಟರ್, ಯಾವ ವರ್ಷದಿಂದ ಯಾವ ವರ್ಷದವರೆಗೆ. ಸಂಬಳವಿರಲಿಲ್ಲ ಎಂದಾದರೆ ಸ್ವಯಂಸೇವೆ ಎಂದೇ ಬರೆಯಲಿ, ಸುಳ್ಳು ಹುದ್ದೆ ಬೇಡ. ಅಬೌಟ್‌ಗೆ 2600 ಅಕ್ಷರ ಇದ್ದರೂ ನಾಲ್ಕೈದು ಸಾಲು ಸಾಕು, ಬೆಂಗಳೂರಿನ ಕಂಪನಿ ಓದುವಂಥ ಸರಳ ಇಂಗ್ಲಿಷಿನಲ್ಲಿ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ‘ಒಳ್ಳೇ ಗೂಡು’ ಎಂಬ ಮಾತಿಗೆ ಬೆಲೆ ಕಟ್ಟುವುದಿಲ್ಲ. ಗೂಡನ್ನು ಕೈಗೆತ್ತಿಕೊಂಡು, ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಹಿಡಿಯುತ್ತದೆಂಬ ರೆಂಡಿಟ್ಟಾ ಅಂದಾಜು ಮಾಡುತ್ತಾರೆ. ಕೆಲಸ ಕೊಡುವವರೂ ಹಾಗೆಯೇ ನೋಡುತ್ತಾರೆ.

ಇನ್ನು ಜನರ ವಿಷಯ. ‘ನಮ್ಮೋರು ಯಾರೂ ಕಂಪ್ನೀಲಿಲ್ಲ ಸಾರ್’ ಎನ್ನುವುದು ಕನಕಪುರ–ಮಳವಳ್ಳಿ ರಸ್ತೆಯ ಉದ್ದಕ್ಕೂ ಕೇಳಿಬರುವ ಮಾತು. ಇದಕ್ಕೆ 1973ರಲ್ಲೇ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಉತ್ತರ ಕೊಟ್ಟಿದ್ದಾರೆ. ಪರಿಚಯಸ್ಥರ ಮೂಲಕ ಕೆಲಸ ಹಿಡಿದವರನ್ನು ಕೇಳಿದಾಗ, ವಾರಕ್ಕೆರಡು ಸಲವಾದರೂ ಕಾಣುವ ಆಪ್ತರಿಂದ ಸುದ್ದಿ ತಿಳಿದವರು ಶೇ 16.7 ಮಾತ್ರ. ಅಪರೂಪಕ್ಕೆ, ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಕಾಣುವವರಿಂದ ತಿಳಿದವರು ಶೇ 27.8. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರಿಂದ ತಿಳಿದವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಐದು ವರ್ಷದ ಮಾಹಿತಿಯಿಂದ ಇದನ್ನು ಪರೀಕ್ಷಿಸಿತು. ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನ ಮುಖಪರಿಚಯದವರೇ ಹೆಚ್ಚು ಉಪಯೋಗಕ್ಕೆ ಬಂದಿದ್ದರು.

ಆದ್ದರಿಂದ ದೊಡ್ಡ ದೊಡ್ಡ ಕಂಪನಿಯ ಎಚ್‌ಆರ್ ಮುಖ್ಯಸ್ಥರಿಗೆಲ್ಲ ರಿಕ್ವೆಸ್ಟ್ ಕಳಿಸಿ ಎಂಬ ಇನ್ನೊಂದು ಪಂಥವನ್ನು ನಾನು ಒಪ್ಪುವುದಿಲ್ಲ. ಅವರಿಗೆ ಈ ಹುಡುಗಿ ಯಾರೆಂದು ಹೇಗೆ ಗೊತ್ತಾಗಬೇಕು? ಸಾತನೂರಿನಲ್ಲೇ ಮುಖಪರಿಚಯದವರು ಬೇಕಾದಷ್ಟಿದ್ದಾರೆ. ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದು ಈಗ ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಹಿರಿಯಕ್ಕ, ಕಬ್ಬಾಳಮ್ಮನ ಜಾತ್ರೆಗೆ ಬಂದಾಗ ಸಿಗುವ ದೂರದ ನೆಂಟ, ಬೆಳಗಿನ ಬಸ್ಸಿನಲ್ಲಿ ಮೂರು ವರ್ಷ ಪಕ್ಕದಲ್ಲಿ ಕೂತ ಹುಡುಗಿ. ಎಲ್ಲರಿಗಿಂತ ಮೊದಲು, ಡೇರಿಯ ಲೆಕ್ಕ ನೋಡಲು ಬರುತ್ತಿದ್ದ ಆಡಿಟರು. ಆಕೆಯ ವೋಚರುಗಳನ್ನು ಕಣ್ಣಾರೆ ಕಂಡವರು ಅವರು.

ರಿಕ್ವೆಸ್ಟ್ ಜೊತೆ ಉಚಿತ ಖಾತೆಯಲ್ಲಿ 200 ಅಕ್ಷರದ ಟಿಪ್ಪಣಿ ಕಳಿಸಬಹುದು. ಆಡಿಟರಿಗೆ ಆಕೆ ಕಳಿಸಬೇಕಾದದ್ದು ಇಷ್ಟೆ: ‘ಸರ್, ನಮ್ಮೂರ ಡೇರಿ ಆಡಿಟ್‌ನಲ್ಲಿ ವೋಚರು ಜೋಡಿಸಿಕೊಟ್ಟವಳು ನಾನು. ಬಿ.ಕಾಂ. ಮುಗಿದಿದೆ. ಲೆಕ್ಕದ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಸಂಪರ್ಕದಲ್ಲಿರಲು ಇಷ್ಟ.’ ಒಪ್ಪಿಕೊಂಡ ಮೇಲೆ, ಕಂಡದ್ದನ್ನಷ್ಟೇ ಎರಡು ಸಾಲು ರೆಕಮೆಂಡೇಶನ್ ಬರೆದುಕೊಡಿ ಎಂದು ಕೇಳಬಹುದು. ಡೇರಿ ಕಾರ್ಯದರ್ಶಿಯವರಿಗೆ ಲಿಂಕ್ಡ್‌ಇನ್ ಇಲ್ಲವಂತೆ. ಚಿಂತೆಯಿಲ್ಲ. ಸಂಘದ ಲೆಟರ್‌ಹೆಡ್ಡಿನಲ್ಲಿ ಕನ್ನಡದಲ್ಲೇ ಬರೆದು ಸೀಲು ಹಾಕಿಕೊಡಲಿ. ಅದರ ಫೋಟೊ ಫೀಚರ್ಡ್ ವಿಭಾಗಕ್ಕೆ ಏರಿಸಿ, ಕೆಳಗೆ ಇಂಗ್ಲಿಷಿನಲ್ಲಿ ಸಾರಾಂಶ ಕೊಟ್ಟರಾಯಿತು. ಸದಸ್ಯರ ಹೆಸರು, ಬ್ಯಾಂಕ್ ಖಾತೆ ಸಂಖ್ಯೆ ಇರುವ ರಿಜಿಸ್ಟರಿನ ಪುಟವನ್ನು ಮಾತ್ರ ಯಾವ ಕಾರಣಕ್ಕೂ ಹಾಕಬಾರದು. ಅದು ಊರಿನವರ ಲೆಕ್ಕ.