ಜರ್ಮನ್ ವ್ಯಾಕರಣ: ಒಂದು ಕೋಷ್ಟಕದ ದರ್ಬಾರು

ಗುರುವಿಲ್ಲದೆ ಜರ್ಮನ್ ಕಲಿಯಲು ಹೊರಟವರ ನೋಟ್‌ಬುಕ್ಕಿನಲ್ಲಿ ಆರ್ಟಿಕಲ್‌ಗಳ, ಅಂದರೆ ಇಂಗ್ಲಿಷಿನ ‘ದ’ದಂಥ ಪದಗಳ, ಒಂದು ಕೋಷ್ಟಕ ಇದ್ದೇ ಇರುತ್ತದೆ. ಅಡ್ಡಕ್ಕೆ ಮೂರು ಲಿಂಗ ಮತ್ತು ಬಹುವಚನ, ಉದ್ದಕ್ಕೆ ನಾಲ್ಕು ವಿಭಕ್ತಿ, ಒಟ್ಟು 16 ಮನೆ. ಡೇರ್, ಡೀ, ಡಾಸ್ ಎಂದು ಅದನ್ನು ಮಗ್ಗಿಯಂತೆ ಒಪ್ಪಿಸಿದರೆ ವ್ಯಾಕರಣದ ಅರ್ಧ ಮುಗಿಯಿತು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕೋಷ್ಟಕಕ್ಕೆ ಸಿಕ್ಕಿರುವ ಈ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ವಾದ. ಅದು ವ್ಯಾಕರಣವನ್ನು ಕಲಿಸುವುದಿಲ್ಲ, ಮುಚ್ಚಿಡುತ್ತದೆ.

16 ಮನೆಗಳಲ್ಲಿ ಕೂತಿರುವ ರೂಪಗಳು ಆರೇ ಆರು: ಡೇರ್, ಡೀ, ಡಾಸ್, ಡೇನ್, ಡೇಮ್, ಡೆಸ್. ‘ಡೇರ್’ ಒಂದೇ ನಾಲ್ಕು ಮನೆಗಳಲ್ಲಿದೆ: ಪುಲ್ಲಿಂಗದ ಪ್ರಥಮಾ, ಸ್ತ್ರೀಲಿಂಗದ ಚತುರ್ಥಿ, ಸ್ತ್ರೀಲಿಂಗದ ಷಷ್ಠಿ, ಬಹುವಚನದ ಷಷ್ಠಿ. ಮೊದಲ ವಾರವೇ ‘ಡೇರ್ ಎಂದರೆ ಪುಲ್ಲಿಂಗ’ ಎಂದು ಬಾಯಿಪಾಠ ಮಾಡಿದವರು ‘ಡೇರ್ ಫ್ರಾವ್’ ಎಂಬುದನ್ನು ಕಂಡಾಗ ದಿಕ್ಕು ತಪ್ಪುತ್ತಾರೆ. ಅದು ಹೆಂಗಸಿಗೆ ಸಲ್ಲುವ ಚತುರ್ಥಿ ಅಥವಾ ಷಷ್ಠಿ ಎಂದು ತಿಳಿಯಲು ಕೋಷ್ಟಕವನ್ನು ಹಿಂದುಮುಂದಾಗಿ ಓದಬೇಕು, ರೂಪದಿಂದ ಕೆಲಸಕ್ಕೆ ಹೋಗಬೇಕು. ಓದುವವರಿಗೂ ಕೇಳುವವರಿಗೂ ದಿನವೂ ಬೇಕಾದ ದಾರಿ ಇದೇ. ಬಾಯಿಪಾಠ ರೂಢಿ ಮಾಡಿಸುವುದು ಇದರ ವಿರುದ್ಧ ದಿಕ್ಕಿನ ಓಟವನ್ನು.

ಸಾಲುಗಳನ್ನು ಜೋಡಿಸಿದ ಕ್ರಮದಲ್ಲೂ ತೊಂದರೆಯಿದೆ. ಜರ್ಮನ್ ಶಾಲೆಗಳ ಹಳೆಯ ಪದ್ಧತಿಯಲ್ಲಿ ಪ್ರಥಮಾ, ಷಷ್ಠಿ, ಚತುರ್ಥಿ, ದ್ವಿತೀಯಾ ಎಂಬ ಅನುಕ್ರಮ. ಅಂದರೆ ಮೊದಲನೆಯದೂ ಕೊನೆಯದೂ ಅತಿ ದೂರ. ಆದರೆ ಸ್ತ್ರೀಲಿಂಗ, ನಪುಂಸಕ, ಬಹುವಚನ ಮೂರರಲ್ಲೂ ಆ ಎರಡು ಸಾಲಿನ ರೂಪ ಒಂದೇ. ಬದಲಾಗುವುದು ಪುಲ್ಲಿಂಗದ ಏಕವಚನ ಮಾತ್ರ: ಡೇರ್ ಹೋಗಿ ಡೇನ್. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ತಾನಾಗಿ ಕಾಣುವ ಈ ಸಂಗತಿ ಹಳೆಯ ಅನುಕ್ರಮದಲ್ಲಿ ಹೂತುಹೋಗುತ್ತದೆ. ನಮ್ಮ ಸಂಸ್ಕೃತ ವೈಯಾಕರಣರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ! ರಾಮಶಬ್ದ ಒಪ್ಪಿಸಿದವರಿಗೆ ಗೊತ್ತು: ‘ರಾಮಾಭ್ಯಾಂ’ ಮೂರು ಸಲ ಬೆನ್ನು ಬೆನ್ನಿಗೆ, ‘ರಾಮಯೋಃ’ ಎರಡು ಸಲ ಬೆನ್ನು ಬೆನ್ನಿಗೆ. ಒಂದೇ ರೂಪದವು ನೆರೆಹೊರೆಯಲ್ಲಿವೆ. ಇಂಗ್ಲಿಷಿನ ಹಲವು ಪಠ್ಯಗಳು ದ್ವಿತೀಯೆಯನ್ನು ಎರಡನೆಯ ಸಾಲಿಗೆ ತಂದಿವೆ. ಅಷ್ಟರ ಮಟ್ಟಿಗೆ ಅವು ಮೇಲು.

ಗುಣವಾಚಕಗಳ ವಿಷಯಕ್ಕೆ ಬಂದರೆ ಅನ್ಯಾಯ ಮೂರು ಪಟ್ಟು. ಮೂರು ಕೋಷ್ಟಕ, 48 ಮನೆ. ಹಿಂದಿರುವ ತತ್ತ್ವ ಮಾತ್ರ ಒಂದೇ: ವಿಭಕ್ತಿಯ ಗುರುತನ್ನು ಯಾರಾದರೊಬ್ಬರು ಹೊರಬೇಕು. ‘ಡೇರ್ ಗೂಟೆ ವೈನ್’ ಎನ್ನುವಲ್ಲಿ ಆರ್ಟಿಕಲ್ ಹೊತ್ತಿದೆ, ಗುಣವಾಚಕ ಹಗುರ. ‘ಐನ್ ಗೂಟರ್ ವೈನ್’ ಎನ್ನುವಲ್ಲಿ ‘ಐನ್’ ಏನನ್ನೂ ಹೇಳುವುದಿಲ್ಲ, ಆದ್ದರಿಂದ ‘ಡೇರ್’ನ ಕೊನೆಯ ರಕಾರ ಗುಣವಾಚಕಕ್ಕೆ ದಾಟಿದೆ. ಆರ್ಟಿಕಲ್ಲೇ ಇಲ್ಲದ ಷಷ್ಠಿಯಲ್ಲಿ ‘ಗೂಟನ್ ವೈನೆಸ್’ ಎಂಬುದನ್ನು ಪುಸ್ತಕಗಳು ಅಪವಾದವೆಂದು ಅಡಿಟಿಪ್ಪಣಿಗೆ ತಳ್ಳುತ್ತವೆ. ನನಗೆ ಅದೇ ತತ್ತ್ವದ ಅತ್ಯುತ್ತಮ ಸಾಕ್ಷಿ: ನಾಮಪದವೇ ಸಕಾರವನ್ನು ಹೊತ್ತಿರುವಾಗ ಗುಣವಾಚಕ ಮತ್ತೆ ಯಾಕೆ ಹೊರಬೇಕು? ಇಷ್ಟು ಅಂದದ ವ್ಯವಸ್ಥೆಯನ್ನು 48 ಚೂರು ಮಾಡಿ ಕೈಗಿಡುವುದು ಕಲಿಯುವವರ ಬುದ್ಧಿಗೆ ತೋರುವ ಅಗೌರವ. ಕಲಿತದ್ದನ್ನು ಆಮೇಲೆ ಒಮ್ಮೆ ಸರಿನೋಡಲು ಕೋಷ್ಟಕ ಉಪಯುಕ್ತ, ಒಪ್ಪುತ್ತೇನೆ.

ಆದರೆ ಕೋಷ್ಟಕ ಸೋತಿತೆಂದು ವ್ಯಾಕರಣವನ್ನೇ ಹೊರಗಟ್ಟುವವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಮಗುವಿನಂತೆ ಕಲಿಯಿರಿ, ಕೇಳುತ್ತಾ ಹೋಗಿ, ಎಲ್ಲ ತಾನಾಗಿ ಬರುತ್ತದೆ ಎನ್ನುತ್ತಾರೆ. ಮಗುವಿಗೆ ಇಡೀ ದಿನ ಮಾತಾಡಿಸುವ ಮನೆಯಿದೆ, ಕೈಯಲ್ಲಿ ವರ್ಷಗಳಿವೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಪಾಳಿ ಮುಗಿಸಿ ರಾತ್ರಿ ಪುಸ್ತಕ ತೆರೆಯುವ ನರ್ಸ್‌ಗೆ ಅದಿಲ್ಲ. ಜರ್ಮನಿಯಲ್ಲಿ ಆ ವೃತ್ತಿಗೆ ಸಾಮಾನ್ಯವಾಗಿ ಕೇಳುವುದು ಬಿ2 ಮಟ್ಟ. ಆ್ಯಪ್ ಆಕೆಗೆ ‘ಮಿಟ್ ಡೇಮ್ ಬುಸ್’, ‘ಮಿಟ್ ಡೇರ್ ಬಾನ್’ ಎಂದು ಎಷ್ಟು ಸಲ ಕೇಳಿಸಿದರೂ, ‘ಮಿಟ್’ ಬಂದರೆ ಚತುರ್ಥಿ ಎಂದು ಹೇಳದಿದ್ದರೆ ಆಕೆ ಊಹಿಸುವುದು ‘ಬಾನ್’ ಪುಲ್ಲಿಂಗವೆಂದೇ. ಊಹೆ ತಪ್ಪು, ಆದರೆ ತರ್ಕಬದ್ಧ. ಒಂದು ಸಾಲಿನ ವಿವರಣೆ ಉಳಿಸಬಹುದಾದ ತಿಂಗಳುಗಳನ್ನು ಆಕೆಯಿಂದ ಕಸಿದುಕೊಂಡು ಅದನ್ನು ಸಹಜ ಕಲಿಕೆ ಎನ್ನುವುದು ಸರಿಯಲ್ಲ.

ಈ ಪಂಗಡದವರ ಬಾಯಲ್ಲಿ ಮಾರ್ಕ್ ಟ್ವೇನ್ ಬರದೆ ಇರುವುದಿಲ್ಲ. ಜರ್ಮನ್ ಭಾಷೆಯನ್ನು ಗೇಲಿ ಮಾಡಿ ಆತ 1880ರಲ್ಲಿ ಪ್ರಕಟಿಸಿದ ಪ್ರಬಂಧ ಸೊಗಸಾದ ಗದ್ಯ. ವ್ಯಾಕರಣದ ತೀರ್ಪಾಗಿ ಅದಕ್ಕೆ ಬೆಲೆಯಿಲ್ಲ. ಕ್ರಿಯಾಪದ ಕೊನೆಗೆ ಬರುವುದು ಆತನಿಗೆ ಪೀಡೆ, ಏಕೆಂದರೆ ಅದು ಇಂಗ್ಲಿಷ್ ಕಿವಿ. ಹುಟ್ಟಿನಿಂದ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುತ್ತಾ ಬಂದ ಕನ್ನಡಿಗರು ಆ ಗೋಳನ್ನು ತಮ್ಮದೆಂದು ಎರವಲು ಪಡೆಯುವುದು ಯಾತಕ್ಕೆ?

ನಮ್ಮ ಅನುಕೂಲಗಳೇ ಬೇರೆ, ಎಡವುವ ಜಾಗಗಳೂ ಬೇರೆ. ‘ನನಗೆ ಚಳಿ’ ಎನ್ನುವವರಿಗೆ ‘ಮೀರ್ ಇಸ್ಟ್ ಕಾಲ್ಟ್’ ಎಂಬ ಚತುರ್ಥಿ ಮನೆಯ ಮಾತು. ಆದರೆ ಅದೇ ‘ಗೆ’ ಮುಂದೆ ಕೈಕೊಡುತ್ತದೆ. ‘ಪೇಟೆಯಲ್ಲಿ’ ಎಂಬುದಕ್ಕೆ ‘ಇನ್ ಡೇರ್ ಷ್ಟಾಟ್’, ಅದು ಚತುರ್ಥಿ. ‘ಪೇಟೆಗೆ’ ಎಂಬುದಕ್ಕೆ ‘ಇನ್ ಡೀ ಷ್ಟಾಟ್’, ಅದು ದ್ವಿತೀಯಾ. ನಾವು ಚತುರ್ಥಿ ಹಚ್ಚುವ ಕಡೆಯೇ ಜರ್ಮನ್ ಅದನ್ನು ಬಿಡುತ್ತದೆ. ಇಂಗ್ಲಿಷ್ ಮಾತಾಡುವವರಿಗೆಂದು ಬರೆದ ಪುಸ್ತಕಗಳು ಈ ಕುಳಿಯನ್ನು ತೋರಿಸುವ ಕಾರಣವಿಲ್ಲ, ಅವರ ದಾರಿಯಲ್ಲಿ ಅದು ಇಲ್ಲ. ಅಂಥ ಪುಸ್ತಕ ಹಿಡಿದು ಕೂತ ಕನ್ನಡದ ವಿದ್ಯಾರ್ಥಿ ಮಾತ್ರ ಈ ಎಚ್ಚರಿಕೆಯನ್ನು ಪುಟದ ಅಂಚಿನಲ್ಲಿ ತಾನೇ ಬರೆದುಕೊಳ್ಳಬೇಕಾಗಿದೆ.